ಸಾಹೇಬರ ಬಿಯರು, ಈರಪ್ಪನ ಕಳ್ಳು

ಹಾಗಲ್ಲ, ಕುಡಿಯೋದು ಅಂದ್ರೆ ಎಲ್ಲ ಕಡೆ ಒಂದೇ ಅರ್ಥ ಅಂತ ನಾನೂ ತಿಳ್ಕೊಂಡಿದ್ದೆ, ಕೆಲಸಕ್ಕೆ ಸೇರೋ ತನಕ. ಮೊದ್ಲು ನೆಟ್ಟಗೆ ಕೂತ್ಕೊ ಮಗಾ, ಆಮೇಲೆ ಹೇಳ್ತೀನಿ. ಅಪ್ಪ ತೀರಿಕೊಂಡು ಮನೆ ನನ್ನ ಸಂಬಳದ ಮೇಲೆ ನಿಂತಿತ್ತು ನೋಡು, ಹಾಗಾಗಿ ಸಾಗರದ ಆಚೆ ಆಣೆಕಟ್ಟಿನ ಕೆಲಸ ನಡೀತಿದ್ದಲ್ಲಿ ಟೈಪಿಸ್ಟ್ ಆಗಿ ಸೇರಿದೆ. ಟೈಪಿಸ್ಟ್ ಅಂದ್ನಾ? ಅರ್ಧ ದುಭಾಷಿ ಕೂಡ. ಯಂತ್ರ ಜೋಡಿಸೋಕೆ ಜರ್ಮನಿಯಿಂದ ಒಬ್ಬ ಎಂಜಿನಿಯರ್ ಸಾಹೇಬ್ರು ಬಂದಿದ್ರು. ಅವರ ಇಂಗ್ಲಿಷು ನನ್ನದಕ್ಕಿಂತ ಕಡಿಮೆ, ಇರಲಿ. ಮಧ್ಯಾಹ್ನ ಊಟದ ಜೊತೆ ಮೇಜಿನ ಮೇಲೆ ಬಿಯರ್ ಬಾಟ್ಲಿ! ಕಾನ್ವೆಂಟಲ್ಲಿ ಓದಿದ ಹುಡುಗಿ, ಮುಖ ತಿರುಗಿಸ್ಕೊಂಡೆ. ಆದ್ರೆ ಮಾರಾಯ, ಊಟ ಆದ್ಮೇಲೆ ಆ ಮನುಷ್ಯ ನಕ್ಷೆ ಬರೆದ್ರೆ ಗೆರೆ ಒಂದಿಷ್ಟೂ ಅಲುಗ್ತಿರಲಿಲ್ಲ. ಇದೆಂಥ ಕುಡಿತ ಅಂತ ನಂಗೆ ಕುತೂಹಲ.

ಒಂದಿನ ಮಧ್ಯಾಹ್ನ ಊಟದ ಹೊತ್ತಿಗೆ ಓವರ್‌ಸಿಯರ್ರು ನಮ್ಮ ಜೀಪಿನ ಡ್ರೈವರ್ ಈರಪ್ಪನ್ನ ಎಳ್ಕೊಂಡು ಬಂದ್ರು. "ಇವ್ನು ತೀರ್ಥ ತಗೊಂಡು ಬಂದಿದಾನೆ, ಕೆಲಸದಿಂದ ತೆಗೀಬೇಕು ಅಂತ ಸಾಹೇಬ್ರಿಗೆ ಹೇಳಮ್ಮ." ನಾನು ಒಂದಕ್ಷರ ಬಿಡದೆ ಹೇಳಿದೆ: ಈತ ದೇವರ ಪವಿತ್ರ ಜಲ ಸೇವಿಸಿ ಬಂದಿದ್ದಾನೆ, ಅದಕ್ಕೇ ತೆಗೀಬೇಕಂತೆ. ಸಾಹೇಬ್ರು ಬೆಪ್ಪಾದ್ರು. "ದೇವರಿಗೆ ಕೈ ಮುಗಿಯೋದು ನಿಮ್ಮಲ್ಲಿ ತಪ್ಪಾ?" ಓವರ್‌ಸಿಯರ್ರು ಅದನ್ನ ನನ್ನ ಬಾಯಲ್ಲಿ ಕನ್ನಡದಲ್ಲಿ ಕೇಳಿ ಹಣೆ ಚಚ್ಕೊಂಡ್ರು. "ಅಯ್ಯೋ ಅಮ್ಮ, ಕಳ್ಳು! ಬೈನೆ ಮರದ ಕಳ್ಳು!" ಕಾನ್ವೆಂಟಿನ ಸಿಸ್ಟರುಗಳು ತೀರ್ಥಕ್ಕೆ ಆ ಅರ್ಥ ಹೇಳಿಕೊಟ್ಟಿರಲಿಲ್ಲ, ಏನ್ ಮಾಡ್ಲಿ? ತಿದ್ದಿ ಹೇಳಿದೆ. ಸಾಹೇಬ್ರು ತಮ್ಮ ಗ್ಲಾಸ್ ಎತ್ತಿ ತೋರ್ಸಿದ್ರು. "ನಾನೂ ಕುಡಿದೆನಲ್ಲ? ನಮ್ಮೂರಲ್ಲಿ ಗಾರೆ ಕೆಲಸದವರೂ ಊಟಕ್ಕೆ ಕುಡೀತಾರೆ." ಓವರ್‌ಸಿಯರ್ರು, "ಅವ್ರದ್ದು ದೇಶದ ಪದ್ಧತಿ, ಇವನದ್ದು ಚಟ" ಅಂದ್ರು. ಈರಪ್ಪಂಗೆ ಅಳು ಬಂತು. "ಹೆಂಗೆ ಚಟ ಆಗ್ತದೆ ಅಯ್ಯಾ? ನಮ್ಮಜ್ಜ ಗದ್ದೆ ಹೂಡೋವಾಗ ದಿನಾ ಕುಡೀತಿದ್ದ, ಗಂಜಿ ಇದ್ದಂಗೆ ಅದು. ಹೆಂಡ್ತಿ ಬಸುರಿ, ಕೆಲಸ ತೆಗೀಬೇಡಿ." "ನಿಮ್ಮಜ್ಜ ಗದ್ದೇಲಿ ಜೀಪು ಓಡಿಸ್ತಿದ್ನೇನೋ?" ಅಂತ ಗದರಿದ್ರು ಓವರ್‌ಸಿಯರ್ರು. ಅದನ್ನೂ ಇಂಗ್ಲಿಷಲ್ಲಿ ಹೇಳಿದೆ. ಸಾಹೇಬ್ರು ನಕ್ರು, ಆಮೇಲೆ ನಗು ನಿಲ್ಸಿದ್ರು. "ಸಂಜೆ ಈಕೇನ ಸಾಗರಕ್ಕೆ ಬಿಡೋದು ಯಾರು?" ಈರಪ್ಪನೇ, ಅಂದೆ. "ಚಕ್ರ ಹಿಡಿಯೋನು ಕುಡೀಬಾರ್ದು. ಕೀಲಿ ಕೊಡು." ಈರಪ್ಪ ಕೀಲಿ ಕೊಟ್ಟ, ಆದ್ರೆ ಬಾಯಿ ಸುಮ್ನಿರಬೇಕಲ್ಲ! "ಊಟ ಆದ್ಮೇಲೆ ಸಾಹೇಬ್ರು ಕೈ ತೋರಿಸ್ದಂಗೆ ಕ್ರೇನು ಆ ದೊಡ್ಡ ಕಬ್ಣ ಇಳಿಸ್ತದಲ್ಲ, ಅದರ ಕೆಳಗೆ ನಮ್ಮ ಜನ ಇರ್ತಾರೆ. ಅದು ಚಕ್ರ ಅಲ್ವಾ ಅಂತ ಕೇಳಿ ಅಮ್ಮ." ಓವರ್‌ಸಿಯರ್ರು ನಂಗೆ ಕಣ್ಸನ್ನೆ ಮಾಡಿದ್ರು, ಬೇಡ ಬೇಡ ಅಂತ. ದುಭಾಷಿ ಅಂದ್ಮೇಲೆ ಬಿಡೋದು ಹೇಗೆ? ಪೂರ್ತಿ ಹೇಳಿದೆ. ಸಾಹೇಬ್ರು ಕಿಟಕಿಯಾಚೆ ಕ್ರೇನನ್ನೇ ನೋಡ್ತಾ ನಿಂತ್ರು, ಅವರ ಕಿವಿ ಕೆಂಪಾಯ್ತು. ಆಮೇಲೆ ಉಳಿದ ಬಿಯರನ್ನ ಕಿಟಕಿಯಿಂದ ಚೆಲ್ಲಿ, ಕೀಲೀನ ಜೇಬಿಗೆ ಹಾಕ್ಕೊಂಡ್ರು. "ನಾಳೆ ಬೆಳಿಗ್ಗೆ ಬಂದು ಇಸ್ಕೋ. ಇನ್ನು ಮೇಲೆ ಮಧ್ಯಾಹ್ನ ನಿಂಗೂ ಇಲ್ಲ, ನಂಗೂ ಇಲ್ಲ." ನಾನು ಅವತ್ತು ಬಸ್ಸಿಗೆ ನಡ್ಕೊಂಡು ಹೋದೆ, ಹೊಸ ಚಪ್ಪಲಿ ಕಚ್ಚಿ ಕಾಲೆಲ್ಲ ಗುಳ್ಳೆ. ಕುಡಿಯೋದೋ ಬಿಡೋದೋ ಅವರವರ ಊರಿನ ವಿಷಯ, ನಂಗೇನು. ನಿನ್ನ ಕೈಯ ಕೆಳಗೆ ಯಾರು ನಿಂತಿದಾರೆ ಅಂತ ಮಾತ್ರ ನೋಡ್ಕೋ. ಏಳು ಈಗ, ಕೈ ತೊಳ್ಕೊಂಡು ಬಾ.