ಕೆಂಪು ದೀಪ ಆರುವ ಮುಂಚೆ

ನಗುವವರು ಈಗಲೇ ನಕ್ಕುಬಿಡಿ. ಇದು ನಮ್ಮ ದೊಡ್ಡಮ್ಮನ ಮಗನಿಗೇ ಆಗಿದ್ದು.

ಅವನು ಕಲ್ಲುಕ್ವಾರಿಯಲ್ಲಿ ಮೆಕ್ಯಾನಿಕ್. ರಾತ್ರಿ ಹನ್ನೊಂದಕ್ಕೆ ಹಾಳುಬಾವಿ ದಾಟಿ ಮನೆಗೆ ಹೊರಟವನಿಗೆ ಥಟ್ಟನೆ ನೆನಪಾಯಿತು... ಹೈಬ್ರಿಡ್ ಯಂತ್ರದ ಒಂದು ಬೋಲ್ಟ್ ಬಿಗಿ ಮಾಡಿಲ್ಲ. ಹಿಂದಿರುಗಿದ.

ಕಲ್ಲು ಅಗೆಯುವ ಆ ಯಂತ್ರದ ಮೈ ತಿರುಗಿ ನಿಲ್ಲುತ್ತದಲ್ಲ, ಆಗ ದಂಡವಾಗಿ ಹೋಗಬೇಕಾದ ಶಕ್ತಿ ಕರೆಂಟಾಗಿ ಹಿಂದಿನ ಪೆಟ್ಟಿಗೆಯಲ್ಲಿ ಕೂಡಿಕೊಳ್ಳುತ್ತದೆ. ಮತ್ತೆ ತಿರುಗಲು ಅದೇ ಬಳಕೆ. ಎಂಜಿನ್ ಆಫ್ ಮಾಡಿದರೂ ಪೆಟ್ಟಿಗೆ ಖಾಲಿಯಾಗಲು ಹೊತ್ತು ಬೇಕು. ಪೆಟ್ಟಿಗೆಯ ಮೇಲಿನ ಕೆಂಪು ದೀಪ ಆರುವವರೆಗೂ ಹತ್ತಿರ ಹೋಗಬೇಡಿ ಅಂತ ಊರಿಗೆಲ್ಲ ಪಾಠ ಹೇಳುತ್ತಿದ್ದವನೇ ಈ ಮಹಾನುಭಾವ.

ಯಂತ್ರ ಚಾಲು ಮಾಡಿ ಒಂದು ಸುತ್ತು ತಿರುಗಿಸಿ ನೋಡಿದ. ಎಂಜಿನ್ ಆಫ್ ಮಾಡಿ, ಕ್ಯಾಬಿನ್ನಿಗೆ ಬೀಗ ಹಾಕಿ, ಕೀಲಿ ಜೇಬಿಗಿಳಿಸಿದ. ದೀಪ ಉರಿಯುತ್ತಲೇ ಇತ್ತು. ಎರಡು ನಿಮಿಷದ ಕೆಲಸ ತಾನೆ ಅಂತ ಯಂತ್ರಕ್ಕೂ ಬಂಡೆಗೂ ನಡುವೆ ನುಸುಳಿದ.

ಸ್ಪ್ಯಾನರ್ ಯಾವುದೋ ತಂತಿಗೆ ತಾಗಿತು. ಚಟ್!

ಗುಂಯ್ಯ್... ಯಂತ್ರದ ಮೈ ಒಂದೇ ಒಂದು ಗೇಣು ತಿರುಗಿತು. ಎದೆಗೆ ಕಬ್ಬಿಣ, ಬೆನ್ನಿಗೆ ಬಂಡೆ. ಕೂಗಲು ಉಸಿರಿಲ್ಲ. ಫೋನು ಆಚೆ ಚೀಲದಲ್ಲಿ. ಬೆಳಗಿನವರೆಗೆ ಜೀವ ನಿಲ್ಲುವುದಿಲ್ಲ ಅಂತ ಅವನಿಗೆ ಖಾತ್ರಿಯಾಯಿತು. ದೀಪ ಮಂಕಾಗುತ್ತಿತ್ತು. ಅದು ಆರಿದರೆ ಯಂತ್ರವನ್ನು ಹಿಂದಕ್ಕೆ ತಿರುಗಿಸುವ ಶಕ್ತಿಯೂ ಮುಗಿಯಿತು. ಆರಬೇಡಪ್ಪಾ, ಆರಬೇಡ ಅಂತ ಒಳಗೊಳಗೇ ಬೇಡಿಕೊಂಡ.

ಆಗ... ಬೀಗ ಹಾಕಿದ ಕ್ಯಾಬಿನ್ನಿನೊಳಗೆ... ಕಟಕ್. ಲಿವರ್ ಅಲ್ಲಾಡಿದ ಸದ್ದು.

"ಮಗಾ... ಉಸಿರು ಬಿಡು."

"ಯಾ... ಯಾರದು?" ಅಂತ ಪಿಸುಗುಟ್ಟಿದ.

"ಕರೆಂಟು ಒಂದೇ ಸಲಕ್ಕಾಗೋವಷ್ಟಿದೆ. ಪೂರ್ತಿ ಬಿಡು."

ಬಲಕ್ಕೆ ತಿರುಗಿದರೆ ಬದುಕು. ಎಡಕ್ಕೆ ತಿರುಗಿದರೆ ಅಪ್ಪಚ್ಚಿ. ಹೆಂಡತಿಯ ಮುಖ ಕಣ್ಣಮುಂದೆ ಬಂತು. ಅಳೋಣವೆಂದರೆ ಎದೆಯಲ್ಲಿ ಜಾಗವೇ ಇಲ್ಲ. ಕಣ್ಣು ಮುಚ್ಚಿ, ಇದ್ದಬದ್ದ ಉಸಿರನ್ನೆಲ್ಲ ಬಿಟ್ಟುಬಿಟ್ಟ.

ಗುಂಯ್ಯ್... ಕಬ್ಬಿಣ ಎದೆಯಿಂದ ಸರಿಯಿತು. ದೀಪ ಆರಿತು.

ಕತ್ತಲಲ್ಲಿ ತೆವಳಿಕೊಂಡು ಹೊರಬಂದ. ಆಮೇಲೆ ಬಿದ್ದೆನೋ ಎದ್ದೆನೋ ಅಂತ ಓಡಿದ. ಎರಡು ಪಕ್ಕೆಲುಬು ಬಿರುಕುಬಿಟ್ಟಿದ್ದವು.

ಬೆಳಿಗ್ಗೆ ಅವನಿಂದಲೇ ಕೀಲಿ ಇಸಕೊಂಡು ಹೋದ ಆಪರೇಟರ್ ಬೀಗ ತೆಗೆದು ಹತ್ತಿದವನೇ ಬೈಯಲು ಶುರುಮಾಡಿದ. "ಯಾವನಯ್ಯಾ ನನ್ನ ಸೀಟು ಮುಟ್ಟಿದ್ದು? ಮಂಡಿ ಇಡೋಕೂ ಜಾಗ ಇಲ್ಲ!"

ಸೀಟನ್ನು ಯಾರೋ ಪೂರ್ತಿ ಮುಂದಕ್ಕೆ ಎಳೆದಿದ್ದರು. ನಮ್ಮವನೂ ಆರಡಿ ಆಳು, ಅವನು ಎಳೆದದ್ದಲ್ಲ. ನಾನೇ ಹೋಗಿ ಕಣ್ಣಾರೆ ನೋಡಿದ್ದೇನೆ, ಸುಳ್ಳಲ್ಲ... ಅಲ್ಲಿ ಕೂರಬೇಕೆಂದರೆ ಕಾಲು ಒಂದು ಮೊಳಕ್ಕಿಂತ ಉದ್ದ ಇರಬಾರದು.