ಮುಕ್ತಾರನ ಮನಿ ಹಗೇವು

ಮರೋಳ ಕ್ರಾಸಿಗೆ ಕಡೀ ಬಸ್ಸು ಬಿಟ್ಟು ಹೋದಾಗ ರಾತ್ರಿ ಹತ್ತೂವರಿ ದಾಟಿತ್ತು. ಇಳದಾವ ಅಂವ ಒಬ್ಬನ... ನಮ್ಮ ಸೋದರಮಾವನ ಮಗ ಹಣಮಪ್ಪ. ಅಲ್ಲಿಂದ ನಮ್ಮೂರಿಗೆ ಒಂದೂವರಿ ಕಿಲೋಮೀಟರ ಎರಿ ಹೊಲದ ದಾರಿ. ನಡಕ ದೊಡ್ಡ ಆಲದ ಮರ, ಅದರ ಬುಡಕ ಹಾಳಬಾವಿ. ನೀವೆಲ್ಲಾ ಕಂಡದ್ದ ಐತಿ. ಕರೆಂಟ್ ಬರೂತನಾ ಹೇಳ್ತೇನಿ, ಆದ್ರ ನಡಕ ಯಾರೂ ನಗಬ್ಯಾಡ್ರಿ. ಇದು ನಗೂ ಸುದ್ದಿ ಅಲ್ಲ. ಹೇಸಿಗಿ ಸುದ್ದಿ.

ಅವತ್ತು ಅವಗ ಕೋರ್ಟಿನ ಸಮನ್ಸ್ ಬಂದಿತ್ತು. ಕಿಸೇದಾಗ ಅದನ್ನ ಇಟಗೊಂಡು, ಬೀಡಿ ಸೇದಕೋತ ಹೊಂಟಿದ್ದ. ಎರಡೂ ಕಡೆ ಹೊಲಕ್ಕ ಡ್ರಿಪ್ ನೀರು ಬಿಟ್ಟಿದ್ರು... ಚುಯ್ಯ್ ಅಂತ ಸಣ್ಣ ಸಪ್ಪಳ. ಬಾವಿ ದಾಟಿದ. ಹಿಂದ ಇನ್ನೊಂದು ಸಪ್ಪಳ.

ಪರಕ್... ಪರಕ್...

ಒಡದ ಗಾಜಿನ ಮ್ಯಾಲ ಯಾರೋ ಬರಿಗಾಲಿಲೆ ನಡದಂಗ. ಅಂವ ನಿಂತ. ಅದೂ ನಿಂತಿತು. ಎರಿ ಮಣ್ಣದು, ಅಲ್ಲೆ ಒಂದು ಹಳ್ಳು ಸಿಗಂಗಿಲ್ಲ, ಗಾಜು ಎಲ್ಲಿಂದ ಬರಬೇಕು? ಮೊಬೈಲ್ ಬೆಳಕು ಹಚ್ಚಿ ಹೊಳ್ಳಿ ನೋಡಿದ.

ಹೆಣಮಗಳು. ಬೂದಿ ಬಣ್ಣದ ಸೀರಿ, ಎದಿ ಮ್ಯಾಲ ಹೆಸರಿನ ಪಟ್ಟಿ. ಎರಡೂ ಕೈ ಮುಂದ ಕಟಗೊಂಡು, ಸ್ವಲ್ಪ ಬಾಗಿ, ಭಾಳ ಮರ್ಯಾದೀಲೆ ನಿಂತಿದ್ಲು. ಬೆಳಕು ಎಷ್ಟು ಮ್ಯಾಲ ಎತ್ತಿದ್ರೂ ಮಾರಿ ಮ್ಯಾಲ ಬೀಳವಲ್ದು.

"ಸರ್..." ಅಂದ್ಲು. "ನೀವು ನೋಡೀರಂತಲ್ರಿ?"

"ಏ... ಏನು?"

"ಆ ಕರೇ ಚೀಲ. ಎಲ್ಲೆ ಇತ್ರಿ ಸರ್? ನನಗೂ ತೋರಸ್ರಿ."

ಯಾವ ಭಾಷಾದಾಗ ಮಾತಾಡಿದ್ಲೋ ಅವಗ ಇವತ್ತಿಗೂ ಹೇಳಾಕ ಬರಂಗಿಲ್ಲ. ತಿಳೀತು, ಅಷ್ಟ. ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದ.

ಯಾವ ಚೀಲ ಅಂತ ಅವಗ ಕೂಡಲೇ ತಿಳಿದಿತ್ತು; ಅವತ್ತ ಸಮನ್ಸ್ ಕೊಡೂಮುಂದ ಪೊಲೀಸ್ರು ಅಂವ ಸಹಿ ಮಾಡಿದ ಹಳೇ ಹಾಳಿ ಓದಿ ಹೇಳಿದ್ರು. ಹೋದ ವರ್ಷದ ಹಿಂದಿನ ವರ್ಷ, ದೂರದ ಒಂದು ಶಹರದಾಗ, ದೊಡ್ಡ ಹೊಟೇಲಿಗೆ ನಾಲ್ಕು ಮಂದಿ ಬಂದೂಕು, ಬಾಂಬು ತಗೊಂಡು ಹೊಕ್ಕಿದ್ರು. ಶಹರದ ಹೆಸರು ಬ್ಯಾಡ. ಹೊಟೇಲಿನ ಗಾಜೆಲ್ಲಾ ಒಡದು ಪುಡಿ ಆತು, ಇಪ್ಪತ್ತೊಂದು ಮಂದಿ ಸತ್ರು. ಉಣ್ಣಾಕ ಕುಂತಾವ್ರು, ಮಲಗಿದಾವ್ರು, ಖೋಲಿ ಕಸ ಹೊಡದು ಹಾಸಿಗಿ ಹಾಸಾವ್ರು. ಕೊಂದಾವ್ರು ಮನಶಾರಲ್ಲ ಬಿಡ್ರಿ, ಅವರ ಸುದ್ದಿ ಬಾಯಾಗ ಬಂದ್ರ ಉಗುಳಬೇಕು ಅನಸ್ತೈತಿ. ಇಬ್ಬರು ಅಲ್ಲೇ ಸತ್ರು. ಇಬ್ಬರು ಪಾರಾಗಿ ಹ್ವಾದ್ರು.

ಸತ್ತವನೊಬ್ಬನ ಫೋನಿನಾಗ ಇದ್ದ ಸಿಮ್ ನಮ್ಮೂರ ಮುಕ್ತಾರನ ಅಂಗಡ್ಯಾಗ ಮಾರಿದ್ದು. ಹುನಗುಂದದಾಗ ಸಣ್ಣ ಮೊಬೈಲ್ ಅಂಗಡಿ ಅವಂದು. ಬಂದಾವ ಕಾರ್ಡ್ ಕೊಟ್ಟ, ಇಂವ ಝೆರಾಕ್ಸ್ ತಗೊಂಡು ಸಿಮ್ ಕೊಟ್ಟ. ಕಾರ್ಡ್ ಖೊಟ್ಟಿ ಇತ್ತು. ಮುಕ್ತಾರನ ತಪ್ಪು ಇಷ್ಟ.

ಹೊರಗಿನ ಪೊಲೀಸ್ ಸಾಹೇಬ್ರು ಎರಡು ಜೀಪಿನಾಗ ಬಂದು ಅವನ ಮನಿಯೆಲ್ಲಾ ಹುಡುಕಿ ಝಡತಿ ಮಾಡಿದ್ರು. ಝಡತಿ ಅಂದ್ರ ಇಬ್ಬರು ಪಂಚರು ಬೇಕು, ಕಣ್ಣಾರೆ ಕಂಡೇವಿ ಅಂತ ಸಹಿ ಮಾಡಾಕ. ಹಣಮಪ್ಪ ಕೋರ್ಟಿನ ಮುಂದ ಟೈಪಿಂಗ್ ಅಂಗಡಿ ಇಟ್ಟಾವ. ಯಾರು ಕರದ್ರೂ ಪಂಚ ಆಗಾಕ ತಯಾರ. ಕಳ್ಳಭಟ್ಟಿ ಹಿಡದ್ರೂ ಅವನ ಸಹಿ, ಇಸ್ಪೀಟ್ ಹಿಡದ್ರೂ ಅವನ ಸಹಿ. ಓದೂದಿಲ್ಲ, ಬೊಟ್ಟು ತೋರಿಸಿದಲ್ಲೆ ಗೀಚೂದು. "ನನ್ನ ಸಹಿಗೆ ಕಿಮ್ಮತ್ತೈತಿ ಅಕ್ಕಾ" ಅಂತ ನನ್ನ ಮುಂದ ಮೀಸಿ ತಿರುವತಿದ್ದ, ಹೇಸಿ.

ಝಡತಿ ಆಗೂಮುಂದ ಅಂವ ಜೀಪಿಗೆ ಆತು ನಿಂತು ಪೇಪರಿನಾಗಿನ ಮಿರ್ಚಿಭಜಿ ತಿನ್ನಾಕತ್ತಿದ್ದ. ಹೊಸ್ತಿಲಾ ಸೈತ ದಾಟಲಿಲ್ಲ. ತಿಂದು ಮುಗಸಿದ ಮ್ಯಾಲ ಸಾಹೇಬ್ರ ಜೋಡಿ ಬಂದಿದ್ದ ಬರಿಯಾವ ನಾಲ್ಕು ಹಾಳಿ ತಂದ. 'ನಮ್ಮ ಸಮಕ್ಷಮ, ಆರೋಪಿಯ ಮನೆಯ ನೆಲದಲ್ಲಿನ ಹಗೇವಿನೊಳಗಿಂದ ವೈರು, ಬ್ಯಾಟರಿ, ಹೋಟೆಲಿನ ನಕ್ಷೆ ಇದ್ದ ಒಂದು ಕಪ್ಪು ಚೀಲ...' ಹಿಂಗ ಇತ್ತು. ಇಂವ ಎಣ್ಣಿ ಕೈಲೆ ಸಹಿ ಮಾಡಿದ. ಮುಕ್ತಾರನ್ನ ಒಯ್ದ್ರು.

ಆಮ್ಯಾಲ ಟಿವಿಯವ್ರು ಬಂದ್ರು. ಹಬ್ಬಕ್ಕ ಅವರ ಮನ್ಯಾಗ ಸುರಕುಂಬಾ ಕುಡದಾವ್ರ ಕ್ಯಾಮೆರಾ ಮುಂದ ನಿಂತು, "ನಮಗ ಮೊದಲಿಂದ ಅನುಮಾನ ಇತ್ರಿ" ಅಂದ್ರು. ಅವನ ಹೇಣ್ತಿ ಅಬೇದಾ ನೀರಿಗೆ ಬಂದ್ರ ನಳದ ಮುಂದ ಜಾಗಾ ಬಿಡವಲ್ರು. ನಾನೂ ಆಕಿ ಜೋಡಿ ಮಾತು ಬಿಟ್ಟೆ. ಹೇಳಾಕ ನಾಚಿಕಿ ಬರ್ತೈತಿ.

ಸಮನ್ಸ್ ಬಂದದ್ದು ತಿಳದು ಅಬೇದಾ ಹಣಮಪ್ಪನ ಮನಿ ಬಾಗಲಕ್ಕ ಬಂದ್ಲು.

"ಅಣ್ಣಾ, ನೀ ಒಳಗ ಬಂದೇ ಇಲ್ಲ. ಅಷ್ಟ ಹೇಳು. ಹೆಚ್ಚಿಗಿ ಏನೂ ಬ್ಯಾಡ."

"ನಾ ಏನ್ ಹೇಳಬೇಕಂತ ಬರದೈತವಾ," ಅಂದ ಅಂವ. "ಈಗ ತಿರುಗಿ ಮಾತಾಡಿದ್ರ ನನ್ನನ್ನ ಒಳಗ ಹಾಕ್ತಾರ. ಹೋಗು."

ಅವತ್ತಿಂದ ದಿನಾ ರಾತ್ರಿ ಬಾವಿ ದಾಟಿದ ಕೂಡಲೆ ಪರಕ್... ಪರಕ್... ಒಂದು ದಿನ ಊರ ಹೊರಗಿನ ಹೊಲತನಾ ಬಂತು. ಇನ್ನೊಂದು ದಿನ ಊರ ಅಗಸಿ ಬಾಗಲತನಾ. ನಾಕನೇ ದಿನ ಅವನ ಹೇಣ್ತಿ ಗುರುಲಿಂಗವ್ವಗೂ ಕೇಳಿಸ್ತು. ಮರುದಿನ ಮುಂಜಾನಿ ಆಕಿ ರೊಟ್ಟಿ ಬಡಿಯಾಕ ಕುಂತ್ರ ಹಿಟ್ಟಿನಾಗ ಗಾಜಿನ ಹರಳು. ಜರಡಿ ಹಿಡದ್ಲು, ಮತ್ತ ಸಿಕ್ವು. ಡಬ್ಬಿ ಹಿಟ್ಟೆಲ್ಲಾ ತಿಪ್ಪಿಗೆ ಚೆಲ್ಲಿದ್ಲು. ಹೊಸಾ ಹಿಟ್ಟು ತಂದ್ರ ಅದರಾಗೂ. ಹಣಮಪ್ಪ ತುತ್ತು ಬಾಯಾಗ ಇಟ್ರ ಕರಕ್ ಅಂತಿತ್ತು. ಎದ್ದು ಹೋಗಿ ಗಟಾರದಾಗ ಕಾರಕೋತಿದ್ದ.

ಸಾಕ್ಷಿ ಹೇಳಾಕ ಹೋಗೂ ಹಿಂದಿನ ರಾತ್ರಿ ಸಪ್ಪಳ ಸೀದಾ ಬಾಗಲಕ್ಕ ಬಂತು. ಚಿಲಕ ಬಡೀಲಿಲ್ಲ, ಏನಿಲ್ಲ.

"ಸರ್... ತೋರಸ್ರಿ."

ಗುರುಲಿಂಗವ್ವ ಎದ್ದು ಕುಂತ್ಲು. ಪಿಸುಮಾತಿನಾಗ ಗಂಡಗ ಅಂದ್ಲು, "ಹೋಗು. ಕಂಡೇನಿ ಅಂತ ಬರಕೊಟ್ಟೀಯಲ್ಲ, ತೋರಸಿ ಬಾ."

ಹೋದ. ಮುಂದ ಅಂವ, ಹಿಂದ ಆ ಬೂದಿ ಸೀರಿಯಾಕಿ. ಒಂದು ನಾಯಿ ಬೊಗಳಲಿಲ್ಲ ಅಂತ ಹೇಳ್ತಾನ. ಮುಕ್ತಾರನ ಮನಿ ಕದಾ ಬಡದ. ಅಬೇದಾ ಕದಾ ತಗದ್ಲು, ಲೈಟ್ ಹಚ್ಚಿದ್ಲು.

"ಈಗ್ಯಾಕ ಬಂದಿ ಅಣ್ಣಾ? ಇನ್ನ ಏನು ಒಯ್ಯೂದು ಉಳದೈತಿ?"

"ಹಗೇವು..." ಅಂದ. "ಹಗೇವು ಎಲ್ಲೆ ಐತಿ?"

ಆಕಿ ಅವನ ಮಾರಿ ನೋಡಿದ್ಲು. "ಯಾ ಹಗೇವು? ನಮ್ಮ ಮಾವ ಚಾಂದಸಾಬ ಇದ್ದಾಗ, ಕೂಸು ಬಿದ್ದೀತಂತ ಮಣ್ಣು ತುಂಬಿ ಪರಸಿ ಕಲ್ಲು ಹಾಸಿಸಿದ್ರು. ಹನ್ನೆರಡು ವರ್ಷ ಆತು. ಜ್ವಾಳ ಈಗ ತಗಡಿನ ಡಬ್ಬಿ ಒಳಗ ಇಡ್ತೇವಿ. ನೀ ನಿಂತೀಯಲ್ಲ, ಅದರ ಮ್ಯಾಲ ನಿಂತೀ."

ಈ ಕಡೆ ಮನಿಗಳಾಗ ಜ್ವಾಳ ಇಡಾಕ ನೆಲದಾಗ ಹಗೇವು ಇರ್ತಾವಂತ ಆ ಬರಿಯಾವ ಎಲ್ಲೋ ಕೇಳಿದ್ದ. ಜೀಪಿನಾಗ ಕುಂತು ಬರದಿದ್ದ. ಇಂವ ಓದದ ಸಹಿ ಮಾಡಿದ್ದ.

ಹಣಮಪ್ಪ ಕುಂತು ಪರಸಿ ಮ್ಯಾಲ ಕೈ ಆಡಿಸಿದ. ಸಂದಿನ ಸಿಮೆಂಟ್ ಕರ್ರಗಾಗಿ ಗಟ್ಟಿಯಾಗಿತ್ತು. ಮುಷ್ಟಿಲೆ ಗುದ್ದಿದ. ದಪ್... ದಪ್... ಕೆಳಗ ಪೊಳ್ಳು ಇಲ್ಲ. ಬರೇ ಮಣ್ಣು.

ಕಿವಿ ಹಂತ್ಯಾಕ ಬಂದು ಬೂದಿ ಸೀರಿಯಾಕಿ ಕೇಳಿದ್ಲು, "ಇಲ್ಲೆ ಇಲ್ಲೇನ್ರಿ ಸರ್?"

"ಇಲ್ಲವಾ..."

"ಹಂಗಾರ ನಮ್ಮನ್ನ ಕೊಂದಾವ್ರು ಎಲ್ಲೆ ಅದಾರ್ರಿ?"

ಅಬೇದಾಗ ಅವನ 'ಇಲ್ಲವಾ' ಅನ್ನೂದೊಂದ ಕೇಳಿಸ್ತು. ಯಾರಿಗೆ ಅಂದ ಅಂತ ಆಕಿಗೆ ತಿಳೀಲಿಲ್ಲ. ಅಂವ ಅಲ್ಲೇ, ಆ ಪರಸಿ ಮ್ಯಾಲ, ಹೊಟ್ಟ್ಯಾಗ ಇದ್ದದ್ದೆಲ್ಲಾ ಕಾರಿಕೊಂಡ. ಅಬೇದಾನ ನೀರು ತಂದು ತೊಳದ್ಲು.

ನೋಡ್ರಿ, ಆ ಸತ್ತಾಕಿ ಕೇಳಿದ್ದು ಅದು. ನನಗ ವಾಕರಿಕಿ ಬರೂದು ಅಲ್ಲೆ. ಪಾರಾದ ಆ ಇಬ್ಬರು ಎಲ್ಲೋ ಉಂಡು ತಿಂದು ಮಲಗ್ತಾರ. ಇಲ್ಲೆ ಫೈಲ್ ತುಂಬೇತಿ, ಮುಕ್ತಾರ ಸಿಕ್ಕಾನ, ಎಲ್ಲಾರೂ ಕೈ ತೊಳಕೊಂಡಾರ. ಇನ್ನ ಹುಡುಕಾವ್ರು ಯಾರು?

ಮರುದಿನ ಹಣಮಪ್ಪ ಕಟಕಟೆದಾಗ ನಿಂತು ಹೇಳಿದ, "ನಾ ಮನಿ ಒಳಗ ಹೋಗಿಲ್ರಿ. ಮಿರ್ಚಿ ತಿನ್ನಾಕತ್ತಿದ್ದೆ." ಕೋರ್ಟಿನಾಗ ಮಂದಿ ನಕ್ರಂತ. ಸರಕಾರಿ ವಕೀಲರು ಸಾಕ್ಷಿ ತಿರುಗಿ ಬಿತ್ತು ಅಂದ್ರು. ಅವತ್ತಿಂದ ಅವಗ ಸಪ್ಪಳ ಇಲ್ಲ, ಹಿಟ್ಟಿನಾಗ ಗಾಜಿಲ್ಲ. ಆದ್ರ ಮುಕ್ತಾರ ಹೊರಗ ಬರಲಿಲ್ಲ. "ಒಬ್ಬ ಪಂಚ ಹೋದ್ರ ಏನಾತು, ಇನ್ನೊಬ್ಬರು ಅದಾರ" ಅಂದ್ರಂತ ವಕೀಲರು.

ಆ ಇನ್ನೊಬ್ಬಾಕಿ ನಾನ.

ಹಂಗ ನೋಡಬ್ಯಾಡ್ರಿ. ಝಡತಿ ಆದ ಮರುದಿನ, ಅಂಗನವಾಡಿಯಾಗ ಹುಡುಗರಿಗೆ ಉಪ್ಪಿಟ್ಟು ಹಾಕಾಕತ್ತಿದ್ದೆ. ಆ ಸಾಹೇಬ್ರು ಅದ ಹಾಳಿ ತಗೊಂಡು ಬಂದ್ರು. "ಮನ್ಯಾಗ ಹೆಣ್ಣಮಕ್ಕಳಿದ್ರಲ್ರಿ ಟೀಚರ್, ಒಂದು ಹೆಣಮಗಳ ಸಹಿ ಬೇಕು" ಅಂದ್ರು. ಹಣಮಪ್ಪರೆ ಓದದ ಮಾಡಿದ. ನಾ ಓದಿದೆ. ಹಗೇವು ಅನ್ನೂ ಶಬ್ದ ಕಂಡೆ. ಪರಸಿ ಹಾಸಿದ ದಿನ ಅಬೇದಾ ಕರದು, ಅದರ ಮ್ಯಾಲ ಕುಂದ್ರಿಸಿ ನನಗ ಊಟಕ್ಕ ಹಾಕಿದ್ಲು. ಎಲ್ಲಾ ನೆನಪಿತ್ತು. ದೊಡ್ಡಾವ್ರ ಉಸಾಬರಿ ನಮಗ್ಯಾಕ ಅಂತ, ಸೆರಗಿಗೆ ಕೈ ಒರಸಿ ಸಹಿ ಮಾಡಿದೆ. ಈ ಕೈ ನೋಡಿದ್ರ ನನಗ ಹೇಸಿಗಿ.

ಬರೂ ಗುರುವಾರ ನಂದು ಸಾಕ್ಷಿ. ನಿನ್ನಿತನಾ 'ಕಂಡೇನ್ರಿ' ಅಂತ ಹೇಳಿ ಬಂದುಬಿಡೂ ವಿಚಾರ ಇತ್ತು. ಖರೇನ ಹೇಳ್ತೇನಿ, ಇತ್ತು.

ನಿನ್ನಿ ಸಂಜಿಮುಂದ ಮನಿಗೆ ಬಂದೆ. ನಮ್ಮವ್ರು ನವನಗರದಾಗ ಡ್ಯೂಟಿ ಮ್ಯಾಲ, ಮನ್ಯಾಗ ನಾ ಒಬ್ಬಾಕಿ, ಕೀಲಿ ನನ್ನ ಟೊಂಕದಾಗ. ಕೀಲಿ ತಗದು ಒಳಗ ಹೋದೆ... ಮುಂಜಾನಿ ಅವಸರದಾಗ ಮುದ್ದಿ ಮಾಡಿ ಬಿಟ್ಟು ಹೋಗಿದ್ದ ಹಾಸಿಗಿ ಹಾಸಿತ್ತು. ಕೌದಿ ಒಂದು ಸುಕ್ಕಿಲ್ಲದಂಗ ಎಳದು, ನಾಲ್ಕೂ ಮೂಲಿ ಗಾದಿ ಕೆಳಗ ಬಿಗಿಯಾಗಿ ಸಿಗಿಸಿತ್ತು. ತಲಿದಿಂಬು ಬಡದು ಉಬ್ಬಿಸಿ ನಟ್ಟನಡಕ ಇಟ್ಟಿತ್ತು. ನಮ್ಮ ಮನಿತನದಾಗ ಹಂಗ ಯಾರೂ ಹಾಸಂಗಿಲ್ಲ. ಹಂಗ ಹಾಸೂದು ದೊಡ್ಡ ಹೊಟೇಲಿನ ಖೋಲ್ಯಾಗ.

ರಾತ್ರಿ ನೆಲದ ಮ್ಯಾಲ ಮಲಗಿದೆ. ಗುರುವಾರ ಹೋಗ್ತೇನಿ, ನಾ ಕಂಡಿಲ್ಲ ಅಂತ ಹೇಳಿ ಬರ್ತೇನಿ. ಸುಳ್ಳ ಅನಿಸಿದ್ರ ಏಳ್ರಿ, ನಮ್ಮ ಮನಿಗೆ ಬರ್ರಿ ಈಗ. ಹಾಸಿಗಿ ಇನ್ನೂ ಹಂಗ ಐತಿ. ನಾ ಮುಟ್ಟಿಲ್ಲ.