ಹನ್ನೊಂದು ದಿನ ಆಫ್ ಮಾಡದ ಕಂಪ್ಯೂಟರ್

ಬಸ್ಸಿಗೆ ಕಾಯುತ್ತಿದ್ದ ಟೈಲರಮ್ಮ ಪಕ್ಕದಲ್ಲಿ ಕೂತ ತಮ್ಮನನ್ನು ಕೇಳಿದ್ದು ಬೆಂಚಿನ ಆ ತುದಿಯಲ್ಲಿದ್ದ ಅಪರಿಚಿತನಿಗೂ ಕೇಳಿಸಿತು.

“ಹೊಸ ಸಿಸ್ಟಮ್ ಹಾಕ್ಲಾ ಅಂತ ಕಂಪ್ಯೂಟರ್ ಕೇಳ್ತಿದೆ ಕಣೋ. ಹಾಕಿದ್ರೆ ಕಸೂತಿ ಮಷೀನಿಗೆ ಡಿಸೈನು ಹೋಗತ್ತಾ?”

“ನಿನ್ನ ಮಷೀನು ಮುದುಕಿ ಅಕ್ಕ, ಡೌಟು.”

“ಮತ್ತೆ ನನ್ನ ಹೊಟ್ಟೆಪಾಡು?”

“ಹಾಕ್ಬೇಡ, ಬಿಡು.”

“ಆಫ್ ಮಾಡಿದ್ರೆ ತಾನಾಗೇ ಹಾಕ್ಕೊಳತ್ತೆ ಅಂತ ನಿಮ್ ಭಾವ ಹೆದರಿಸಿದ್ರು. ಹನ್ನೊಂದು ದಿನದಿಂದ ಆಫೇ ಮಾಡಿಲ್ಲ. ಗುಂಯ್ ಅಂತಿದೆ.”

“ಅಯ್ಯೋ ಪುಣ್ಯಾತ್ಗಿತ್ತಿ! ಕೇಳ್ದಾಗ ಬೇಡ ಅಂತ ಒತ್ತು, ಇಂಟರ್ನೆಟ್ ವೈರು ಕಿತ್ತಿಡು, ಆಮೇಲೆ ಧೈರ್ಯವಾಗಿ ಆಫ್ ಮಾಡು. ಕಸೂತಿಗೆ ಇಂಟರ್ನೆಟ್ ಯಾಕೆ?”

“ಅಷ್ಟೇನಾ?”

“ಅಷ್ಟೇ.”

ಆಕೆ ಒಬ್ಬಳೇ ನಕ್ಕಳು. ಬಸ್ ಬಂತು. ಮೆಟ್ಟಿಲು ಹತ್ತುತ್ತಲೇ ಮನೆಗೆ ಫೋನ್ ಮಾಡಿದಳು.

“ರೀ, ಕಂಪ್ಯೂಟರ್ ಆಫ್ ಮಾಡಬಹುದಂತೆ! ನೀವು ಮುಟ್ಬೇಡಿ, ನಾನೇ ಬಂದು ಮಾಡ್ತೀನಿ.”